ಉಣುಗೋಲು ಹಾಕಿದ್ಯಾ?

ಬೇಸಿಗೆ ರಜೆಗೆ ಮುಂಚೆ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಒಂದು ಮನೆಗೆಲಸ ಸಿಕ್ಕಿತ್ತು. "ನನ್ನ ಮೆಚ್ಚಿನ ಪ್ರಾಣಿ" ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಬೇಕು. ನನ್ನ ಹತ್ತು ವರ್ಷದ ಮಗಳು ಮೊದಲ ದಿನವೇ ಐದು ವಾಕ್ಯ ಬರೆದಳು. "ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಹಸು ಹುಲ್ಲು ತಿನ್ನುತ್ತದೆ. ಹಸು ಹಾಲು ಕೊಡುತ್ತದೆ. ಹಸು ಅಂಬಾ ಎಂದು ಕೂಗುತ್ತದೆ." ಅಷ್ಟಕ್ಕೆ ಪೆನ್ಸಿಲ್ ನಿಂತಿತು.

"ಅಮ್ಮ, ಇನ್ನು ಐದು ನೀನು ಹೇಳು. ನೀನು ಹಸು ಜೊತೆನೇ ಬೆಳೆದವಳಲ್ವಾ?"

"ಆಮೇಲೆ ಹೇಳ್ತೀನಿ" ಎಂದೆ. ಅಡುಗೆಮನೆಯಲ್ಲಿ ಕೆಲಸವಿತ್ತು. ಆ "ಆಮೇಲೆ" ಬಂದದ್ದು ಆಗಸ್ಟ್ ತಿಂಗಳಲ್ಲಿ, ನಾನು ಎಣಿಸದ ರೀತಿಯಲ್ಲಿ.

ನಾವಿರುವುದು ಮ್ಯೂನಿಕ್ ನಗರದ ಹೊರವಲಯದಲ್ಲಿ. ಪಕ್ಕದ ಮನೆಯ ವಯಸ್ಸಾದ ದಂಪತಿ ಹತ್ತು ದಿನ ಇಟಲಿಗೆ ಹೋಗುವಾಗ ತಮ್ಮ ಮೊಲವನ್ನು ನನ್ನ ಮಗಳಿಗೆ ಒಪ್ಪಿಸಿ ಹೋದರು. ಬೂದು ಬಣ್ಣದ ಉದ್ದ ಕಿವಿಯ ಮೊಲ. ಬೆಳಿಗ್ಗೆ ಸಂಜೆ ಹುಲ್ಲು, ಕ್ಯಾರೆಟ್, ನೀರು ಕೊಡಬೇಕು, ಗೂಡಿನ ಚಿಲಕ ಹಾಕಬೇಕು, ಅಷ್ಟೇ ಕೆಲಸ. ಮಗಳು ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದಳು. ಎದುರು ಮನೆಯ ಆರು ವರ್ಷದ ಹುಡುಗನೂ ಅವಳ ಹಿಂದೆ ಹಿಂದೆ ಹೋಗಿ ಮೊಲದ ಬೆನ್ನು ಸವರಿ ಬರುತ್ತಿದ್ದ.

ಮೂರನೇ ದಿನ ಸಂಜೆ ಗೂಡು ಖಾಲಿ. ಬಾಗಿಲು ತೆರೆದೇ ಇತ್ತು.

"ನೀನು ಚಿಲಕ ಹಾಕಿದ್ಯಾ?" ಎಂದು ಕೇಳಿದೆ.

"ಹಾಕಿದ್ದೆ ಅಮ್ಮ. ಆ ಹುಡುಗ ಬಂದಿದ್ನಲ್ಲ, ಅವನೇ ತೆಗೆದಿರಬೇಕು" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಚಪ್ಪಲಿಯ ತುದಿ ನೋಡುತ್ತಿದ್ದಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ "ಹಾಕಿದ್ದೆ" ಎಂಬ ಧ್ವನಿ ನನಗೆ ಚೆನ್ನಾಗಿ ಪರಿಚಯವಿದ್ದ ಧ್ವನಿ. 1991ರ ಜುಲೈ ತಿಂಗಳ ಒಂದು ಭಾನುವಾರ ನಾನೂ ಅದೇ ಧ್ವನಿಯಲ್ಲಿ ಅದೇ ಮಾತನ್ನು ಹೇಳಿದ್ದೆ. ಆ ರಾತ್ರಿ ಟಾರ್ಚ್ ಹಿಡಿದು ಬೇಲಿಯ ಸಂದಿಯನ್ನೆಲ್ಲ ಹುಡುಕಿ ಸೋತು ಮನೆಗೆ ಬಂದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಥೆ ಹೇಳಿದೆ. ಮೂವತ್ತು ವರ್ಷಗಳಲ್ಲಿ ನನ್ನ ಗಂಡನಿಗೂ ಅದನ್ನು ಪೂರ್ತಿ ಹೇಳಿರಲಿಲ್ಲ. ಈಗ ನಿಮಗೂ ಹೇಳುತ್ತಿದ್ದೇನೆ.

ನಮ್ಮ ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮ್ಯೂನಿಕ್‌ನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು. ಇಲ್ಲಿ ಎರಡು ದಿನ ಮಳೆ ಬಂದರೆ "ಎಂಥ ಮಳೆ!" ಎನ್ನುವವರನ್ನು ಕಂಡರೆ ನನಗೆ ನಗು ಬರುವುದು ಅದಕ್ಕೇ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ನಿಲ್ಲುತ್ತಿರಲಿಲ್ಲ. ಒಣಗದ ಬಟ್ಟೆ, ಒಲೆಯ ಹೊಗೆ, ಕಾಲಿಗೆ ಹತ್ತುವ ಇಂಬಳ, ಇವೆಲ್ಲ ಸೇರಿದ್ದೇ ನಮ್ಮ ಮಳೆಗಾಲ.

ನಮ್ಮದು ಸಣ್ಣ ಜಮೀನು. ಎರಡು ಎಕರೆ ಅಡಿಕೆ ತೋಟ, ಅದರ ಕೆಳಗೆ ಒಂದಿಷ್ಟು ಗದ್ದೆ, ಮನೆಯ ಹಿಂದೆ ಹಿತ್ತಲು, ಹಿತ್ತಲಿನ ಆಚೆ ಗುಡ್ಡ ಮತ್ತು ಕಾಡು. ಮನೆಯಲ್ಲಿ ಅಜ್ಜಿ, ಅಪ್ಪಯ್ಯ, ಅಮ್ಮ, ನಾನು, ನನ್ನ ತಮ್ಮ. ಕೊಟ್ಟಿಗೆಯಲ್ಲಿ ಐದು ದನ, ಎರಡು ಕರು, ಕಾಳಿ ಎಂಬ ಒಂದು ಎಮ್ಮೆ. ಅಂಗಳದಲ್ಲಿ ದಾಸು ಎಂಬ ನಾಯಿ. ಒಲೆಯ ಪಕ್ಕದಲ್ಲಿ ಹೆಸರಿಲ್ಲದ ಒಂದು ಬೆಕ್ಕು. ಬೆಕ್ಕಿಗೆ ಯಾಕೆ ಹೆಸರಿಲ್ಲ ಎಂದು ಕೇಳಿದರೆ ಅಜ್ಜಿ, "ಕರೆದ್ರೆ ಬರೋದಿದ್ರೆ ತಾನೆ ಹೆಸರು ಇಡೋದು!" ಎನ್ನುತ್ತಿದ್ದಳು.

ನಮ್ಮ ದನಗಳೆಲ್ಲ ಮಲೆನಾಡು ಗಿಡ್ಡ ತಳಿಯವು. ಹೆಸರೇ ಹೇಳುವಂತೆ ಗಿಡ್ಡ ದನಗಳು. ದೊಡ್ಡವರ ಸೊಂಟದ ಎತ್ತರಕ್ಕೆ ಬಂದರೆ ಹೆಚ್ಚು. ನಮ್ಮ ದೇಶದ ಅಧಿಕೃತ ಗೋತಳಿಗಳ ಪಟ್ಟಿಯಲ್ಲಿ ಅಮೃತಮಹಲ್, ಹಳ್ಳಿಕಾರ್, ಕೃಷ್ಣಾ ಕಣಿವೆ ತಳಿಗಳ ಜೊತೆಗೆ ಇದರ ಹೆಸರೂ ಇದೆ. ಬವೇರಿಯಾದ ಹುಲ್ಲುಗಾವಲಿನ ದಪ್ಪ ಹಸುಗಳನ್ನು ನೋಡಿದ ಮಕ್ಕಳಿಗೆ ನಮ್ಮ ಹಸು ಕರುವಿನ ಹಾಗೆ ಕಾಣಬಹುದು. ಇಲ್ಲಿನ ಹಸು ದಿನಕ್ಕೆ ಇಪ್ಪತ್ತು ಲೀಟರ್ ಹಾಲು ಕೊಟ್ಟರೆ ನಮ್ಮ ಗೌರಿ ಎರಡು ಹೊತ್ತೂ ಸೇರಿ ಎರಡು, ಎರಡೂವರೆ ಲೀಟರ್ ಕೊಡುತ್ತಿದ್ದಳು. ಆದರೆ ಆ ಮಳೆಯಲ್ಲಿ, ಆ ಇಳಿಜಾರಿನ ಗುಡ್ಡದಲ್ಲಿ, ಕಾಡಿನ ಸೊಪ್ಪು ಹುಲ್ಲು ತಿಂದುಕೊಂಡು ಕಾಯಿಲೆ ಬೀಳದೆ ಬದುಕುವ ದನ ಅದು.

"ಅಷ್ಟು ಕಮ್ಮಿ ಹಾಲಿಗೆ ಅಷ್ಟೊಂದು ದನ ಯಾಕೆ ಸಾಕಿದ್ರಿ?" ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ದನ ಸಾಕುತ್ತಿದ್ದದ್ದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಗುಡ್ಡದಿಂದ ಹಸಿ ಸೊಪ್ಪು ಕಡಿದು ತಂದು ಪ್ರತಿದಿನ ಕೊಟ್ಟಿಗೆಗೆ ಹಾಸುತ್ತಿದ್ದೆವು. ಬೇಸಿಗೆಯಲ್ಲಿ ಸೊಪ್ಪಿನ ಬದಲು ಕಾಡಿನಲ್ಲಿ ಗುಡಿಸಿ ತಂದ ಒಣ ಎಲೆ, ಅದಕ್ಕೆ ದರಗು ಎನ್ನುತ್ತಾರೆ. ದನಗಳು ಅದರ ಮೇಲೆ ಮಲಗುತ್ತವೆ, ತುಳಿಯುತ್ತವೆ, ಸಗಣಿ ಗಂಜಲ ಸೇರುತ್ತದೆ. ಅದನ್ನು ಎತ್ತಿ ಗೊಬ್ಬರಗುಂಡಿಗೆ ಹಾಕಿ, ಕೊಳೆತ ಮೇಲೆ ಅಡಿಕೆ ಮರದ ಬುಡಕ್ಕೆ ಕೊಡುವುದು. ಕಾಡಿನ ಎಲೆ ದನದ ಕಾಲಡಿಯಿಂದ ಹಾದು ಅಡಿಕೆಯಾಗುತ್ತಿತ್ತು, ಅಡಿಕೆ ನಮ್ಮ ಶಾಲೆಯ ಫೀಸು, ಪುಸ್ತಕ, ಹಬ್ಬದ ಬಟ್ಟೆಯಾಗುತ್ತಿತ್ತು. ನಾನು ಈವತ್ತು ಇಲ್ಲಿ ಕುಳಿತು ಬರೆಯುತ್ತಿರುವುದಕ್ಕೂ ಆ ದನಗಳಿಗೂ ಸಂಬಂಧವಿದೆ.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಬೆಳಗಿನ ಜಾವ ಅಮ್ಮ ಕೊಟ್ಟಿಗೆ ಗುಡಿಸುವಳು. ಅಜ್ಜಿ ಹಾಲು ಕರೆಯುವವಳು. ಅಪ್ಪಯ್ಯ ಸೊಪ್ಪು ತರುವುದು. ತಮ್ಮನ ಕೆಲಸ ಅಕ್ಕಚ್ಚು ಕೊಡುವುದು. ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರಿಗೆ ತೌಡು, ತರಕಾರಿ ಸಿಪ್ಪೆ, ಮಿಕ್ಕಿದ ಗಂಜಿ ಎಲ್ಲ ಹಾಕಿ ಬೆಚ್ಚಗೆ ಮಾಡಿದ್ದು. ಎಂಟು ವರ್ಷದ ತಮ್ಮ ಬಕೆಟ್ ಎತ್ತಲಾರದೆ ಎಳೆದುಕೊಂಡು ಹೋಗುವಾಗ ಅರ್ಧ ಚೆಲ್ಲುತ್ತಿತ್ತು. ಗೌರಿ ಚೆಲ್ಲಿದ್ದನ್ನೂ ನೆಕ್ಕಿ, ಅವನ ಅಂಗಿಯನ್ನೂ ನೆಕ್ಕಿ, ಆಮೇಲೆ ಬಕೆಟ್‌ಗೆ ಮುಖ ಹಾಕುವಳು. ಹಸುವಿನ ನಾಲಿಗೆ ಎಷ್ಟು ಒರಟು ಎಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಒಮ್ಮೆ ನೆಕ್ಕಿಸಿಕೊಂಡರೆ ಗೊತ್ತಾಗುತ್ತದೆ!

ನನ್ನ ಕೆಲಸ ಕರುಗಳದ್ದು. ದೊಡ್ಡ ದನಗಳು ಹಗಲು ಗುಡ್ಡಕ್ಕೆ ಮೇಯಲು ಹೋದರೆ ಕರುಗಳು ಹಿತ್ತಲಲ್ಲೇ ಇರಬೇಕು. ಸಂಜೆ ದನ ಬರುವುದಕ್ಕೆ ಮುಂಚೆ ಅವನ್ನು ಕೊಟ್ಟಿಗೆಗೆ ತಂದು ಕಟ್ಟಬೇಕು. ನಮ್ಮ ನಾಟಿ ಹಸುಗಳು ಕರು ಹತ್ತಿರ ಬಂದು ಮೊಲೆಗೆ ಬಾಯಿ ಹಾಕದೆ ಹಾಲು ಇಳಿಸುವುದಿಲ್ಲ. ಕರು ನಾಲ್ಕು ಸಲ ಗುದ್ದಿ ಚೀಪಿದ ಮೇಲೆ ಕೆಚ್ಚಲು ತುಂಬಿ ಬರುತ್ತದೆ. ಅದಕ್ಕೆ ಸೊರೆ ಬಿಡುವುದು ಎನ್ನುತ್ತಿದ್ದಳು ಅಜ್ಜಿ. ನಾಲ್ಕು ಮೊಲೆಗಳಲ್ಲಿ ಎರಡು ಕರುವಿಗೆ, ಎರಡು ನಮಗೆ, ಇದು ಅಜ್ಜಿಯ ಲೆಕ್ಕ. ನೆಂಟರು ಬಂದು ಕಾಫಿಗೆ ಹಾಲು ಸಾಲದಿದ್ದರೂ ಆ ಲೆಕ್ಕ ತಪ್ಪುತ್ತಿರಲಿಲ್ಲ.

ಆ ವರ್ಷ ಗೌರಿ ಏಪ್ರಿಲ್‌ನಲ್ಲಿ ಕರು ಹಾಕಿದ್ದಳು. ಹೆಣ್ಣು ಕರು. ಕಂದು ಮೈ, ಹಣೆಯ ಮೇಲೆ ಬೆರಳಿಂದ ಇಟ್ಟಂತೆ ಒಂದು ಬಿಳಿ ಬೊಟ್ಟು. ಬೆಳ್ಳಿ ಎಂದು ಹೆಸರಿಟ್ಟವಳು ನಾನೇ. ಹುಟ್ಟಿದ ಅರ್ಧ ಗಂಟೆಗೆ ನಡುಗುವ ಕಾಲಲ್ಲಿ ಎದ್ದು ನಿಲ್ಲಲು ನೋಡಿ ಮೂರು ಸಲ ಬಿದ್ದು, ನಾಲ್ಕನೇ ಸಲ ನಿಂತಾಗ ನಾನೂ ತಮ್ಮನೂ ಚಪ್ಪಾಳೆ ತಟ್ಟಿದ್ದೆವು. ಮೊದಲ ಹಾಲಿನ ಗಿಣ್ಣು ಮಾಡಿ ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟು ಕಳಿಸಿದ್ದಳು. ಬೆಳ್ಳಿಯ ಕೊರಳಿಗೆ ಅಪ್ಪಯ್ಯ ಒಂದು ಪುಟ್ಟ ದೊಂಟೆ ಮಾಡಿ ಕಟ್ಟಿದರು. ದೊಂಟೆ ಎಂದರೆ ಮರದ ಗಂಟೆ. ಲೋಹದ ಗಂಟೆಯ ಹಾಗೆ ಅದು ಕಿಣಿಕಿಣಿ ಎನ್ನುವುದಿಲ್ಲ. ಲೊಟಕ್ ಲೊಟಕ್ ಎಂದು ಮೆತ್ತಗೆ ಬಡಿದುಕೊಳ್ಳುತ್ತದೆ. ನಾನು ಶಾಲೆಯಿಂದ ಬಂದು ಹಿತ್ತಲಿನ ಕಡೆ ತಿರುಗುವಷ್ಟರಲ್ಲಿ ಆ ಸದ್ದು ನನ್ನ ಕಡೆಗೆ ಓಡಿ ಬರುತ್ತಿತ್ತು.

ಇನ್ನು ಉಣುಗೋಲು. ಮಲೆನಾಡಿನ ಹಳೆಯ ಮನೆಗಳ ಬೇಲಿಗೆ ಕಬ್ಬಿಣದ ಗೇಟು ಇರುತ್ತಿರಲಿಲ್ಲ. ಎರಡು ಕಡೆ ತೂತು ಕೊರೆದ ದಪ್ಪ ಕಂಬ ನೆಟ್ಟು, ತೂತುಗಳಲ್ಲಿ ಅಡ್ಡಡ್ಡ ನಾಲ್ಕು ಬಿದಿರಿನ ಗಳು ತೂರಿಸಿರುತ್ತಾರೆ. ಮನುಷ್ಯರು ಹಾದುಹೋಗಬೇಕಾದರೆ ಗಳು ಸರಿಸಬೇಕು, ದಾಟಿದ ಮೇಲೆ ಮತ್ತೆ ತೂರಿಸಬೇಕು. ಅದೇ ಉಣುಗೋಲು. ಹೊರಗೆ ಹೋದವರು ಒಳಗೆ ಬಂದ ಕೂಡಲೇ ಮನೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ "ಊಟ ಆಯ್ತಾ?" ಅಲ್ಲ, "ಉಣುಗೋಲು ಹಾಕಿದ್ಯಾ?"

ಆ ಭಾನುವಾರ ಮಧ್ಯಾಹ್ನದಿಂದಲೇ ನನ್ನ ಮನಸ್ಸು ಮನೆಯಲ್ಲಿರಲಿಲ್ಲ. ಗುಡ್ಡದ ಮೇಲಿನ ಮನೆಗೆ ಆ ವರ್ಷ ಟಿವಿ ಬಂದಿತ್ತು. ಭಾನುವಾರ ಸಂಜೆ ಕನ್ನಡ ಸಿನಿಮಾ. ಮಳೆ ಸ್ವಲ್ಪ ಬಿಟ್ಟಿದ್ದ ಹೊತ್ತು ನೋಡಿ, ಹಿತ್ತಲಿನ ಉಣುಗೋಲಿನ ಕೆಳಗಿನ ಎರಡು ಗಳು ಸರಿಸಿ, ನುಸುಳಿ, ಗುಡ್ಡ ಹತ್ತಿ ಓಡಿದೆ. ಒದ್ದೆ ಗಳು ತೂತಿನಲ್ಲಿ ಬಿಗಿಯಾಗಿ ಕೂತಿರುತ್ತವೆ, ಮತ್ತೆ ತೂರಿಸಲು ಎರಡು ನಿಮಿಷ ಬೇಕು. ಸಿನಿಮಾ ಶುರುವಾಗಿಬಿಡುತ್ತದಲ್ಲ! ಬರುವಾಗ ಹಾಕಿದರಾಯಿತು ಎಂದುಕೊಂಡೆ.

ಸಿನಿಮಾ ಅರ್ಧ ಗಂಟೆ ನಡೆದಿರಬೇಕು, ಕರೆಂಟು ಹೋಯಿತು. ಬರುತ್ತದೆ ಬರುತ್ತದೆ ಎಂದು ಕಾದು ಕತ್ತಲಾಯಿತು. ಮಳೆ ಮತ್ತೆ ಹಿಡಿಯಿತು. ನಾನು ಮನೆಯ ಮುಂಬಾಗಿಲಿನಿಂದ ಒಳಗೆ ಬರುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಗೌರಿ ಕೂಗುತ್ತಿದ್ದಳು. ಕರುಗಳಲ್ಲಿ ಒಂದು ಮಾತ್ರ ಇತ್ತು. ಬೆಳ್ಳಿ ಇರಲಿಲ್ಲ.

"ಉಣುಗೋಲು ಹಾಕಿದ್ಯಾ?" ಎಂದರು ಅಪ್ಪಯ್ಯ.

"ಹಾಕಿದ್ದೆ" ಎಂದೆ.

ಅಮ್ಮ ತಮ್ಮನ ಕಡೆ ತಿರುಗಿದಳು. ಅವನೂ ಮಧ್ಯಾಹ್ನ ಹಿತ್ತಲಿನ ಆಚೆ ಪೇರಲೆಹಣ್ಣಿಗೆ ಹೋಗಿ ಬಂದಿದ್ದ. "ಹಾಗಾದ್ರೆ ಇವನದ್ದೇ ಕೆಲಸ. ಯಾವತ್ತು ನೆಟ್ಟಗೆ ಹಾಕಿದಾನೆ ಇವ್ನು!" ಎಂದಳು. ತಮ್ಮ ಬಾಯಿ ತೆರೆದು ಏನೋ ಹೇಳಲು ಹೋಗಿ ಸುಮ್ಮನಾದ. ನಾನೂ ಸುಮ್ಮನಿದ್ದೆ.

ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು, ದಾಸುವನ್ನು ಕರೆದುಕೊಂಡು ಗುಡ್ಡಕ್ಕೆ ಹೋದರು. ಮೇಲಿನ ಮನೆಯವರೂ ಟಾರ್ಚ್ ತಂದರು. ಜಗಲಿಯಲ್ಲಿ ನಿಂತು ನಾನು ಆ ಬೆಳಕು ಮರಗಳ ನಡುವೆ ಹೋಗುವುದು ಬರುವುದು ನೋಡುತ್ತಿದ್ದೆ. ಮಳೆಯ ಸದ್ದಿನಲ್ಲಿ ದೊಂಟೆಯ ಸದ್ದು ಕೇಳುತ್ತದಾ ಎಂದು ಕಿವಿಗೊಟ್ಟರೆ ಎಲ್ಲ ಸದ್ದೂ ದೊಂಟೆಯದೇ ಅನಿಸುತ್ತಿತ್ತು. ಮಧ್ಯರಾತ್ರಿ ಅವರು ಬರಿಗೈಯಲ್ಲಿ ಬಂದರು.

ಬೆಳಿಗ್ಗೆ ಹಳ್ಳದ ಹತ್ತಿರ ಸಿಕ್ಕಿತು. ನಮ್ಮ ಕಡೆ ಚಿರತೆಗೆ ಕುರ್ಕ ಎನ್ನುತ್ತಾರೆ. ಅದು ಕುರ್ಕನ ಕೆಲಸ. ಅಪ್ಪಯ್ಯ ನಮ್ಮನ್ನು ಅಲ್ಲಿಗೆ ಬಿಡಲಿಲ್ಲ. ಕೆಸರು ಮೆತ್ತಿದ್ದ ಪುಟ್ಟ ದೊಂಟೆಯೊಂದನ್ನು ತಂದು, ತೊಳೆದು, ಕೊಟ್ಟಿಗೆಯ ಮೊಳೆಗೆ ನೇತುಹಾಕಿದರು.

ಈ ಮಾತು ಕೇಳುವಾಗ ಮಗಳು ನನ್ನ ಕೈ ಹಿಡಿದುಕೊಂಡಳು. ನಮ್ಮ ಕನ್ನಡ ಶಾಲೆಯಲ್ಲಿ ಗೋವಿನ ಹಾಡು ಕಲಿತವಳು ಅವಳು. ಪುಣ್ಯಕೋಟಿಯ ಕಥೆಯಲ್ಲಿ ಹುಲಿಗೆ ಕರುಣೆ ಬರುತ್ತದೆ. ನಮ್ಮ ಗುಡ್ಡದ ಕುರ್ಕನಿಗೆ ಹಸಿವಾಗಿತ್ತು. ಅದರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಬಾಗಿಲು ತೆಗೆದಿಟ್ಟವಳು ನಾನು.

ಗೌರಿ ಮೂರು ದಿನ ಕೂಗಿದಳು. ಹಗಲು ಗುಡ್ಡಕ್ಕೆ ಬಿಟ್ಟರೆ ಮೇಯದೆ ಉಣುಗೋಲಿನ ಹತ್ತಿರವೇ ನಿಲ್ಲುತ್ತಿದ್ದಳು. ಹಾಲು ಇಳಿಸಲಿಲ್ಲ. ಕೆಚ್ಚಲು ಗಟ್ಟಿಯಾಗಿ ನೋವು ಶುರುವಾಯಿತು. ಅಜ್ಜಿ ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆಚ್ಚಲಿಗೆ ಶಾಖ ಕೊಟ್ಟು, ಬೆನ್ನು ಸವರುತ್ತ, ಯಾವುದೋ ಹಳೆಯ ಸೋಬಾನೆ ಹೇಳಿಕೊಳ್ಳುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ನಾಲ್ಕನೇ ದಿನ ಒಂದು ಲೋಟದಷ್ಟು ಹಾಲು ಬಂತು. ಅಮ್ಮ ಅದನ್ನು ಕಾಯಿಸಿ ನನಗೂ ತಮ್ಮನಿಗೂ ಕೊಟ್ಟಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ. "ಹಾಲು ಸೇರಲ್ಲ ನಂಗೆ" ಎಂದು ಎದ್ದುಬಿಟ್ಟೆ. ಮರುದಿನವೂ ಬೇಡ ಎಂದೆ. ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ದೀಪಾವಳಿ ಬಂತು. ನಮ್ಮಲ್ಲಿ ಬಲಿಪಾಡ್ಯದ ದಿನ ಗೋಪೂಜೆ. ಬೆಳಿಗ್ಗೆಯೇ ದನಗಳ ಮೈ ತೊಳೆದು, ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಲೋಟದ ಬಾಯಿಯನ್ನು ಜೇಡಿ ನೀರಲ್ಲಿ ಅದ್ದಿ ಮೈಮೇಲೆಲ್ಲ ಬಿಳಿ ಉಂಗುರ ಒತ್ತುತ್ತೇವೆ. ಹಿಂದಿನ ರಾತ್ರಿಯೇ ಎಲ್ಲರೂ ಕೂತು ಹಣ್ಣಡಿಕೆ, ಪಚ್ಚೆತೆನೆ, ಚೆಂಡುಹೂವು ಸೇರಿಸಿ ಮಾಲೆ ಕಟ್ಟಿರುತ್ತೇವೆ. ಪೂಜೆಯಾಗಿ, ದನಗಳಿಗೆ ಕಡುಬು, ಬಾಳೆಹಣ್ಣು, ಬೆಲ್ಲ ತಿನ್ನಿಸಿ, ಮಾಲೆ ಹಾಕಿ ಬಿಟ್ಟರೆ ಅವು ಜಂಭದಿಂದ ಓಡುವುದನ್ನು ನೋಡಬೇಕು. ಪ್ರತಿ ವರ್ಷ ಗೌರಿಗೆ ಮಾಲೆ ಹಾಕುವವಳು ನಾನೇ.

ಆ ವರ್ಷ ಮಾಲೆ ಹಿಡಿದು ಗೌರಿಯ ಮುಂದೆ ನಿಂತೆ. ಅವಳು ಎಂದಿನಂತೆ ಕತ್ತು ಮುಂದೆ ಚಾಚಿ ನನ್ನ ಕೈ ನೆಕ್ಕಿದಳು. ನನಗೆ ಹಾಕಲು ಆಗಲಿಲ್ಲ. ಮಾಲೆಯನ್ನು ಗೋದಲಿಯ ಮೇಲೆ ಇಟ್ಟು ಅಳಲು ಶುರುಮಾಡಿದೆ. ಎಲ್ಲರೂ ಅಂಗಳದಲ್ಲಿದ್ದರು, ಅಪ್ಪಯ್ಯ ಒಬ್ಬರೇ ಕೊಟ್ಟಿಗೆಯಲ್ಲಿದ್ದರು.

"ಅಪ್ಪಯ್ಯ, ಉಣುಗೋಲು ನಾನೇ ಹಾಕಿರಲಿಲ್ಲ."

ಅಪ್ಪಯ್ಯ ಕಾಳಿಯ ಕೊಂಬಿಗೆ ಕೆಮ್ಮಣ್ಣು ಹಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು" ಎಂದರು. "ಅವತ್ತಿಂದ ನೀನು ಹಾಲು ಕುಡೀಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: "ಹಾಗಾದ್ರೆ ಯಾಕೆ ಬೈಲಿಲ್ಲ?"

"ನಾನು ಬೈದ್ರೆ ನಿಂಗೆ ಹಗುರ ಆಗ್ತಿತ್ತು. ಹೇಳ್ಬೇಕಾದ್ದು ನೀನು. ನಂಗೆ ಹೇಳಿದ್ದಾಯ್ತು. ಈಗ ಹೋಗಿ ತಮ್ಮಂಗೆ ಹೇಳು. ಆಮೇಲೆ ಬಂದು ಮಾಲೆ ಹಾಕು. ಗೌರಿ ಎಂತ ತಪ್ಪು ಮಾಡಿದಾಳೆ, ಅವಳಿಗೆ ಯಾಕೆ ಮಾಲೆ ತಪ್ಪಿಸ್ತೀಯ?"

ತಮ್ಮ ಅಂಗಳದ ಮೂಲೆಯಲ್ಲಿ ಒದ್ದೆ ಪಟಾಕಿಗಳನ್ನು ಬಿಸಿಲಿಗೆ ಹರಡುತ್ತಿದ್ದ. ಹೋಗಿ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಅಮ್ಮನಿಗೆ ಹೇಳುತ್ತಾನೆ, ಹೊಡೆಯುತ್ತಾನೆ ಎಂದು ಎಣಿಸಿದ್ದೆ. ಅವನು ನನ್ನನ್ನೇ ನೋಡುತ್ತ ನಿಂತ. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದ:

"ಹಾಗಾದ್ರೆ ನಾನಲ್ವಾ ಅಕ್ಕ?"

ಮಕ್ಕಳೇ, ನನ್ನ ಕಥೆಯಲ್ಲಿ ನನಗೆ ಅತಿ ಕಷ್ಟದ ಜಾಗ ಇದು. ಆ ಎಂಟು ವರ್ಷದ ಹುಡುಗ ಆ ಮಧ್ಯಾಹ್ನ ಉಣುಗೋಲನ್ನು ಸರಿಯಾಗಿಯೇ ಹಾಕಿದ್ದ. ಆದರೆ ಎಲ್ಲರೂ ಅವನದೇ ತಪ್ಪು ಎಂದಾಗ, ಅಕ್ಕನೂ ತಾನು ಹಾಕಿದ್ದೆ ಎಂದಾಗ, ಅವನು ಅದನ್ನು ನಂಬಿಬಿಟ್ಟಿದ್ದ. ತಾನೇ ಬೆಳ್ಳಿಯನ್ನು ಕೊಂದೆ ಎಂದುಕೊಂಡು ನಾಲ್ಕು ತಿಂಗಳು ರಾತ್ರಿ ಮಲಗಿದ್ದ. ಒಂದು ಮೂರಕ್ಷರದ ಸುಳ್ಳು ಹೇಳಿ ನಾನು ತಪ್ಪಿಸಿಕೊಂಡೆ ಎಂದು ತಿಳಿದಿದ್ದೆ. ಆ ಭಾರ ಎಲ್ಲೂ ಹೋಗಿರಲಿಲ್ಲ, ನನಗಿಂತ ಚಿಕ್ಕ ಹೆಗಲ ಮೇಲೆ ಹೋಗಿ ಕೂತಿತ್ತು.

ಇಬ್ಬರೂ ಸೇರಿ ಗೌರಿಗೆ ಮಾಲೆ ಹಾಕಿದೆವು. ಆ ರಾತ್ರಿ ಅಮ್ಮ ಕೇಳದೆಯೇ ಹಾಲಿನ ಲೋಟ ನನ್ನ ಮುಂದೆ ಇಟ್ಟಳು. ಅಪ್ಪಯ್ಯ ಹೇಳಿದ್ದರೋ ಏನೋ. ಕುಡಿದೆ.

ಕಥೆ ಮುಗಿದಾಗ ನಮ್ಮ ಮನೆಯಲ್ಲಿ ರಾತ್ರಿ ಹತ್ತು ಗಂಟೆ. ಮಗಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮ, ಅವನು ಮಲಗಿರ್ತಾನಾ?" ಎಂದಳು. ಎದುರು ಮನೆಯ ಹುಡುಗನ ಬಗ್ಗೆ ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. "ಬೆಳಿಗ್ಗೆ ಹೋಗೋಣ" ಎಂದೆ. ಬೆಳಿಗ್ಗೆ ಏಳು ಗಂಟೆಗೇ ಎದ್ದು ತಾನೇ ಹೋಗಿ ಬೆಲ್ ಒತ್ತಿದಳು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಆ ಹುಡುಗ ಮಾತ್ರ ಪೈಜಾಮದಲ್ಲೇ ಹೊರಗೆ ಓಡಿ ಬಂದು ಅವಳ ಜೊತೆ ಹುಡುಕಲು ನಿಂತ. ಅದೇ ದಿನ ಇಟಲಿಗೂ ಫೋನ್ ಮಾಡಿ ಅವಳೇ ನಡೆದದ್ದು ಹೇಳಿದಳು.

ನಮ್ಮ ಪುಣ್ಯ, ಮರುದಿನ ಸಂಜೆ ಮೂರನೇ ಮನೆಯ ಹಿತ್ತಲಿನ ಶೆಡ್ಡಿನ ಕೆಳಗೆ ಮೊಲ ಸಿಕ್ಕಿತು. ಬೆಳ್ಳಿ ಸಿಗಲಿಲ್ಲ, ಮೊಲ ಸಿಕ್ಕಿತು. ಎಲ್ಲ ಸಲವೂ ಹೀಗಾಗುವುದಿಲ್ಲ ಎಂದು ಮಗಳಿಗೆ ಹೇಳಿದೆ. ಉಳಿದ ಆರು ದಿನ ಅವಳು ಚಿಲಕ ಹಾಕಿ, ಹತ್ತು ಹೆಜ್ಜೆ ಬಂದು, ಮತ್ತೆ ಹಿಂದೆ ಹೋಗಿ ನೋಡಿ ಬರುತ್ತಿದ್ದಳು.

ಸೆಪ್ಟೆಂಬರ್‌ನಲ್ಲಿ ನಾವು ಆಲ್ಗೊಯ್ ಪ್ರದೇಶಕ್ಕೆ ಹೋಗಿದ್ದೆವು. ಬೇಸಿಗೆಯೆಲ್ಲ ಆಲ್ಪ್ಸ್ ಬೆಟ್ಟದ ಮೇಲೆ ಮೇಯುವ ದನಗಳನ್ನು ಆ ತಿಂಗಳಲ್ಲಿ ಕೆಳಗೆ ತಂದು ಅವುಗಳ ಒಡೆಯರಿಗೆ ಒಪ್ಪಿಸುತ್ತಾರೆ. ಅದಕ್ಕೆ ಅಲ್ಲಿ ಫೀಶೈಡ್ ಎಂದು ಹೆಸರು. ದೊಡ್ಡ ದೊಡ್ಡ ಗಂಟೆ ಕಟ್ಟಿದ ನೂರಾರು ದನಗಳು ಬೀದಿಯಲ್ಲಿ ಬರುವಾಗ ನೆಲವೇ ಅದುರುತ್ತದೆ. ಮಂದೆಯ ಮುಂದೆ ನಡೆಯುವ ಹಸುವಿನ ತಲೆಗೆ ಫರ್ ಮರದ ಸೊಪ್ಪು ಮತ್ತು ಹೂವಿನ ದೊಡ್ಡ ಕಿರೀಟ, ಅದರಲ್ಲೊಂದು ಕನ್ನಡಿ. ಕನ್ನಡಿ ಕೆಟ್ಟ ಶಕ್ತಿಗಳನ್ನು ಓಡಿಸಲಂತೆ. ನಮ್ಮ ಅಜ್ಜಿ ಇದ್ದಿದ್ದರೆ "ದೃಷ್ಟಿ ತೆಗೆಯೋದು ಇಲ್ಲೂ ಉಂಟಾ!" ಎನ್ನುತ್ತಿದ್ದಳು.

ಒಂದು ಮಂದೆ ಮಾತ್ರ ಕಿರೀಟವಿಲ್ಲದೆ ಬಂತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು ಮಗಳು ಯಾಕೆ ಎಂದು ಜರ್ಮನ್‌ನಲ್ಲಿ ಕೇಳಿದಳು. ಆ ಬೇಸಿಗೆ ಬೆಟ್ಟದ ಮೇಲೆ ಅವಘಡವಾಗಿ ದನ ಸತ್ತಿದ್ದರೆ ಆ ಮಂದೆಗೆ ಕಿರೀಟ ಕಟ್ಟುವುದಿಲ್ಲ ಎಂದು ಅವರು ಹೇಳಿದರು. ಮಗಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, "ಅಜ್ಜ ಆದ್ರೆ ಗೌರಿಗೆ ಮಾಲೆ ಹಾಕಿಸಿದ್ರು ಅಲ್ವಾ?" ಎಂದಳು. ಹೌದು. ಅಲ್ಲಿ ಕಿರೀಟ ಬಿಡುವುದು ಹೋದ ಪ್ರಾಣಿಯ ನೆನಪಿಗೆ, ನಮ್ಮ ಅಪ್ಪಯ್ಯ ಮಾಲೆ ಹಾಕಿಸಿದ್ದು ಉಳಿದ ಪ್ರಾಣಿಯ ಪ್ರೀತಿಗೆ. ಎರಡರಲ್ಲಿ ಯಾವುದೂ ತಪ್ಪಲ್ಲ. ದನ ಸತ್ತರೆ ಅದು ಬರೀ ನಷ್ಟದ ಲೆಕ್ಕವಲ್ಲ ಎಂದು ಎರಡೂ ಕಡೆಯ ರೈತರಿಗೆ ಗೊತ್ತು.

ಅಪ್ಪಯ್ಯ ಈಗಿಲ್ಲ. ಅಜ್ಜಿಯೂ ಇಲ್ಲ. ತಮ್ಮ ಊರಲ್ಲೇ ಉಳಿದು ತೋಟ ನೋಡಿಕೊಳ್ಳುತ್ತಿದ್ದಾನೆ. ಸೊಪ್ಪು ತರುವವರಿಲ್ಲ, ಕೊಟ್ಟಿಗೆಯಲ್ಲಿ ಎರಡೇ ದನ. ಅದರಲ್ಲೊಂದು ಗಂಗೆ, ಗೌರಿಯ ಮರಿಮಕ್ಕಳ ಸಾಲಿನವಳು. ವಿಡಿಯೋ ಕರೆ ಮಾಡಿದಾಗ ಅಮ್ಮ ಫೋನನ್ನು ಕೊಟ್ಟಿಗೆಗೆ ಒಯ್ದು ಅವಳ ಮುಖಕ್ಕೆ ಹಿಡಿಯುತ್ತಾಳೆ. ಗಂಗೆ ಒಂದು ಸಲ ಕ್ಯಾಮೆರಾವನ್ನೇ ನೆಕ್ಕಿದ್ದಳು!

ಹಿತ್ತಲಿಗೆ ಈಗ ಕಬ್ಬಿಣದ ಗೇಟು ಬಂದಿದೆ. ಈ ಲೇಖನ ಬರೆಯುವ ಮುಂಚೆ ತಮ್ಮನಿಗೆ ಫೋನ್ ಮಾಡಿ, "ಬೆಳ್ಳಿ ಕಥೆ ಬರೀಲಾ?" ಎಂದು ಕೇಳಿದೆ. ನಕ್ಕು, "ಬರಿ ಅಕ್ಕ, ಎಂತ ಆಯ್ತು ಈಗ" ಎಂದ. ಆಮೇಲೆ ಅವನ ಹೆಂಡತಿ ಫೋನ್ ತೆಗೆದುಕೊಂಡು ಹೇಳಿದಳು: "ಇವರು ಈಗ್ಲೂ ರಾತ್ರಿ ಎದ್ದು ಗೇಟು ಹಾಕಿದ್ಯಾ ಅಂತ ನೋಡಿ ಬಂದೇ ಮಲಗೋದು ಅತ್ತಿಗೆ. ಯಾಕೆ ಅಂತ ಈವತ್ತು ಗೊತ್ತಾಯ್ತು."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮಗಳ ಮನೆಗೆಲಸ ರಜೆ ಮುಗಿಯುವ ಹಿಂದಿನ ದಿನ ಪೂರ್ತಿಯಾಯಿತು. ಉಳಿದ ಐದು ವಾಕ್ಯ ಅವಳೇ ಬರೆದಳು, ನಾನು ಒತ್ತಕ್ಷರ ಮಾತ್ರ ತಿದ್ದಿದೆ. "ನಮ್ಮ ಅಜ್ಜನ ಮನೆಯ ಹಸುವಿನ ಹೆಸರು ಗೌರಿ. ಅವಳ ನಾಲಿಗೆ ತುಂಬಾ ಒರಟು. ಅವಳ ಹಾಲಿನಲ್ಲಿ ಅರ್ಧ ಕರುವಿಗೆ, ಅರ್ಧ ಮನೆಗೆ. ಸಂಜೆ ಅವಳು ಮನೆಗೆ ಬರುವಾಗ ಕರು ಕೊಟ್ಟಿಗೆಯಲ್ಲಿ ಇರಬೇಕು. ಅದಕ್ಕೆ ಉಣುಗೋಲು ಹಾಕಬೇಕು."

ಮಕ್ಕಳೇ, ಈ ದೀಪಾವಳಿಗೆ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜ ಅಜ್ಜಿಯರ ಹತ್ತಿರ ಅವರ ಮನೆಯಲ್ಲಿದ್ದ ಹಸು, ಎಮ್ಮೆ, ನಾಯಿ, ಆಡುಗಳ ಹೆಸರು ಕೇಳಿ ಬರೆದುಕೊಳ್ಳಿ. ಒಂದು ಹೆಸರು ಕೇಳಿದರೆ ಹಿಂದೆಯೇ ಒಂದು ಕಥೆ ಬರುತ್ತದೆ. ಬಂದ ಕಥೆಯನ್ನು ನಮ್ಮ ಪತ್ರಿಕೆಗೆ ಕಳಿಸಿ. ಹಾಗೆಯೇ ಅಪ್ಪ ಅಮ್ಮಂದಿರಿಗೂ ಒಂದು ಮಾತು: ನಿಮ್ಮ ಬಾಲ್ಯದ ಒಳ್ಳೆಯ ಕಥೆಗಳ ಜೊತೆಗೆ ನೀವು ಉಣುಗೋಲು ಹಾಕದೆ ಓಡಿಹೋದ ಒಂದು ದಿನದ ಕಥೆಯನ್ನೂ ಮಕ್ಕಳಿಗೆ ಹೇಳಿ. ಅವರು ಅದನ್ನು ಬಹಳ ಗಮನವಿಟ್ಟು ಕೇಳುತ್ತಾರೆ.

ಎಲ್ಲರಿಗೂ ದೀಪಾವಳಿ ಹಬ್ಬದ ಶುಭಾಶಯಗಳು.